ಲೆಕ್ಕದ ಪ್ರಕಾರ 1,500 ಕ್ಯಾಲೊರಿ, ಆದರೂ ತೂಕ ಇಳಿಯುತ್ತಿಲ್ಲ: ಲೆಕ್ಕ ಎಲ್ಲಿ ಜಾರುತ್ತೆ?

ತೂಗುಯ್ಯಾಲೆ
ದಿನಕ್ಕೆ 1,500 ಕ್ಯಾಲೊರಿ ಅಂತ ಫೋನ್‌ನಲ್ಲಿ ಬರೆದಿಟ್ಟುಕೊಂಡೇ ತಿಂತಾರೆ, ಎರಡು ತಿಂಗಳು ಕಳೆದರೂ ತೂಕ ಇದ್ದಲ್ಲೇ ಇರುತ್ತೆ. ಇಂಥ ದೂರು ಬಂದಾಗೆಲ್ಲ ಉತ್ತರ ಎರಡೇ ಥರ. ಒಂದು, "ಥೈರಾಯ್ಡ್ ಇರಬೇಕು". ಇನ್ನೊಂದು, "ನೀವು ಸುಳ್ಳು ಹೇಳ್ತಿದ್ದೀರಿ". ಎರಡರಿಂದಲೂ ಕೇಳಿದವರಿಗೆ ಏನೂ ಸಿಗಲ್ಲ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 38 ವರ್ಷದ ಹೆಂಗಸು, 72 ಕಿಲೋ, 158 ಸೆಂಟಿಮೀಟರ್ ಎತ್ತರ, ಕೂತು ಮಾಡೋ ಕೆಲಸ. ಬರೆದ ಲೆಕ್ಕ 1,500. ತಪ್ಪು ಅಡುಗೆಮನೆಯಲ್ಲಿದೆಯಾ, ತಕ್ಕಡಿಯಲ್ಲಿದೆಯಾ, ದೇಹದಲ್ಲಿದೆಯಾ? ಗೊತ್ತಿರೋರು ಬಿಡಿಸಿ ಹೇಳಿ.

ಅಳತೆಗೋಲು
ಮೊದಲು ಆ 1,500 ಎಲ್ಲಿಂದ ಬಂತು ನೋಡಿ. ಆ್ಯಪ್‌ಗಳಲ್ಲಿ ಬಹುಪಾಲು ಬಳಸೋದು 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ತೂಕ ಗುಣಿಸು 10, ಎತ್ತರ ಗುಣಿಸು 6.25, ಎರಡನ್ನೂ ಕೂಡಿಸಿ ವಯಸ್ಸಿನ 5 ಪಟ್ಟು ಕಳೀಬೇಕು. ಆಮೇಲೆ ಹೆಂಗಸರಿಗಾದರೆ 161 ಕಳೀಬೇಕು, ಗಂಡಸರಿಗಾದರೆ 5 ಕೂಡಬೇಕು. ನಿಮ್ಮ ಉದಾಹರಣೆಗೆ 720 + 987 − 190 − 161 = ಸುಮಾರು 1,356. ಇದು ಸುಮ್ಮನೆ ಮಲಗಿದ್ದರೂ ಖರ್ಚಾಗೋದು.

ಇದನ್ನ ಚಟುವಟಿಕೆಯ ಅಂಕಿಯಿಂದ ಗುಣಿಸೋ ಜಾಗದಲ್ಲೇ ಮೊದಲ ಜಾರು. ದಿನವಿಡೀ ಕೂತಿರೋರಿಗೆ 1.2 ಹಿಡಿದರೆ 1,630. ಸ್ವಲ್ಪ ಓಡಾಟ ಇದ್ದು 1.4 ಹಿಡಿದರೆ 1,900. ವಾರಕ್ಕೆ ಮೂರು ದಿನ ಅರ್ಧ ಗಂಟೆ ನಡೆಯೋರು "ಮಧ್ಯಮ ಚಟುವಟಿಕೆ" ಅಂತ ಒತ್ತಿದರೆ ಆ್ಯಪ್ 1.55 ಹಿಡಿದು 2,100 ತೋರಿಸುತ್ತೆ. ಆಗ 1,500 ತಿಂದರೆ ದಿನಕ್ಕೆ 600 ಉಳಿತಾಯ ಅನ್ನಿಸುತ್ತೆ, ನಿಜಕ್ಕೂ ಉಳಿಯೋದು 130 ಇರಬಹುದು. ತಿಂಗಳಿಗೆ 3,900 ಆಯ್ತು. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಅಂತ ಹಿಡಿದರೆ ಅರ್ಧ ಕಿಲೋ. ಅಷ್ಟು ಏರಿಳಿತ ಬರೀ ನೀರಿಂದಲೇ ಒಂದು ದಿನದಲ್ಲಿ ಆಗುತ್ತೆ, ಇಳಿದಿದ್ದು ಕಣ್ಣಿಗೇ ಬೀಳಲ್ಲ.

ಸೌಟು
ಸೂತ್ರ ಸರಿ ಇದ್ದರೂ ಎಣ್ಣೆಯಲ್ಲಿ ಜಾರುತ್ತೆ. ಒಂದು ಟೀ ಚಮಚ 5 ಮಿ.ಲೀ., ಅಂದರೆ 4.5 ಗ್ರಾಂ, 40 ಕ್ಯಾಲೊರಿ. ಒಂದು ಟೇಬಲ್ ಚಮಚ 15 ಮಿ.ಲೀ., 120 ಕ್ಯಾಲೊರಿ. ಬಾಟಲಿಯಿಂದ ಬಾಣಲೆಗೆ ನೇರವಾಗಿ "ಸ್ವಲ್ಪ" ಸುರಿದರೆ ಅದು ಎರಡು ಟೇಬಲ್ ಚಮಚಕ್ಕಿಂತ ಕಡಿಮೆ ಇರೋದು ಅಪರೂಪ. ಬರೆಯೋವಾಗ ಮಾತ್ರ ಒಂದು ಟೀ ಚಮಚ. ಒಂದೇ ಅಡುಗೆಯಲ್ಲಿ 200 ಕ್ಯಾಲೊರಿ ಲೆಕ್ಕದಿಂದ ಹೊರಗೆ!

ಚಮಚ ಬೇಡ, ಬಾಟಲಿಯನ್ನೇ ತೂಗಿ. ಡಿಜಿಟಲ್ ತಕ್ಕಡಿ ಮೇಲೆ ಬಾಟಲಿ ಇಟ್ಟು ಸೊನ್ನೆ ಮಾಡಿ, ಎಣ್ಣೆ ಸುರಿದು ವಾಪಸ್ ಇಡಿ. ಮೈನಸ್ 18 ಅಂತ ತೋರಿಸಿದರೆ 18 ಗ್ರಾಂ ಹೋಗಿದೆ, ಅಂದರೆ 160 ಕ್ಯಾಲೊರಿ. ಹತ್ತು ಸೆಕೆಂಡಿನ ಕೆಲಸ, ತೊಳೆಯೋಕೆ ಚಮಚವೂ ಇರಲ್ಲ.

ಮುಂಗಾರು
ಆಲಿವ್ ಎಣ್ಣೆ ಆದರೆ ಪರವಾಗಿಲ್ಲ ಅಲ್ವಾ?

ಸೌಟು
ಹೃದಯಕ್ಕೆ ಬೆಣ್ಣೆಗಿಂತ ಒಳ್ಳೇದು, ಅಷ್ಟು ನಿಜ. ತೂಕದ ಲೆಕ್ಕದಲ್ಲಿ ಎಲ್ಲಾ ಎಣ್ಣೆನೂ ಒಂದೇ, ಗ್ರಾಂಗೆ 9.

ಬೆಳ್ಳಕ್ಕಿ
ಎಣ್ಣೆಯಷ್ಟೇ ದೊಡ್ಡ ತಪ್ಪು ಹಸಿ ತೂಕ, ಬೆಂದ ತೂಕ ಅದಲು ಬದಲು ಮಾಡೋದು. ಹಸಿ ಬಿಳಿ ಅಕ್ಕಿ 100 ಗ್ರಾಂಗೆ 360 ಕ್ಯಾಲೊರಿ. ಅದೇ ಬೆಂದು ನೀರು ಕುಡಿದು 280 ಗ್ರಾಂ ಆದಮೇಲೆ 100 ಗ್ರಾಂಗೆ 130. ಅಕ್ಕಿ ಬದಲಾಗಿಲ್ಲ, ನೀರು ಸೇರಿದೆ ಅಷ್ಟೆ. 75 ಗ್ರಾಂ ಹಸಿ ಅಕ್ಕಿ ತೂಗಿ, ಆ್ಯಪ್‌ನಲ್ಲಿ "ಬೇಯಿಸಿದ ಅನ್ನ" ಆರಿಸಿದರೆ 270 ಇರಬೇಕಾದ್ದು 98 ಆಗಿ ಕೂರುತ್ತೆ. ಎರಡು ಹೊತ್ತು ಹೀಗಾದರೆ 340 ಮಾಯ.

ಮಾಂಸದಲ್ಲಿ ತಪ್ಪು ಉಲ್ಟಾ ಬರುತ್ತೆ, ಬೆಂದಾಗ ನೀರು ಹೋಗಿ ಕುಗ್ಗುತ್ತೆ. ಕೋಳಿ ಎದೆ ಭಾಗ ಹಸಿಯಾಗಿ 100 ಗ್ರಾಂಗೆ 120, ಬೆಂದಮೇಲೆ 165. ಬೇಳೆಕಾಳು ಅಕ್ಕಿ ಥರಾನೇ: ಹಸಿ 350ರ ಹತ್ತಿರ, ಬೆಂದದ್ದು 115ರ ಹತ್ತಿರ. ಆದಷ್ಟೂ ಹಸಿಯಾಗೇ ತೂಗಿ. ಬೆಂದ ಅನ್ನದಲ್ಲಿ ನೀರು ಎಷ್ಟಿದೆ ಅನ್ನೋದು ಮನೆಯಿಂದ ಮನೆಗೆ ಬೇರೆ.

ದಾರಿಹೋಕ
ಇಷ್ಟೆಲ್ಲಾ ಯಾಕ್ರೀ? ರಾತ್ರಿ ಅನ್ನ ಬಿಟ್ಟರೆ ಸಾಕು. ರಾತ್ರಿ ತಿಂದ ಅನ್ನ ಪೂರಾ ಕೊಬ್ಬಾಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ.

ಬೆಳ್ಳಕ್ಕಿ
ಎಲ್ಲರೂ ಹೇಳ್ತಾರೆ ನಿಜ, ಆದರೆ ದೇಹ ಹಾಗೆ ನಡೆಯಲ್ಲ. ರಾತ್ರಿ ತಿಂದ ಪಿಷ್ಟ ಮೊದಲು ಪಿತ್ತಜನಕಾಂಗ, ಸ್ನಾಯುಗಳಲ್ಲಿ ಗ್ಲೈಕೋಜೆನ್ ಆಗಿ, ಅಂದರೆ ದೇಹ ಕೂಡಿಡೋ ಸಕ್ಕರೆಯಾಗಿ, ಕೂರುತ್ತೆ. ದಿನದ ಒಟ್ಟು ಖರ್ಚಿಗಿಂತ ಹೆಚ್ಚು ತಿಂದರೆ ಕೊಬ್ಬು ಏರುತ್ತೆ, ಅದು ಬೆಳಗ್ಗೆ ತಿಂದರೂ ಅಷ್ಟೇ. ರಾತ್ರಿ ಅನ್ನ ಬಿಟ್ಟವರ ತೂಕ ಇಳಿಯೋದು 300 ಕ್ಯಾಲೊರಿ ಕಡಿಮೆ ಆಗಿದ್ದಕ್ಕೆ. ಆ 300 ಹತ್ತು ಗಂಟೆಗೆ ಬಿಸ್ಕತ್ತಿನ ರೂಪದಲ್ಲಿ ವಾಪಸ್ ಬಂದರೆ ಏನೂ ಉಳಿಯಲ್ಲ.

ದಾರಿಹೋಕ
ಸರಿ, ಹೊತ್ತಿನ ಮಾತು ಬಿಟ್ಟೆ. ಆದರೆ ದಿನದ ಊಟವನ್ನೆಲ್ಲ ಎಂಟು ತಾಸಿನ ಅವಧಿಯೊಳಗೆ ಮುಗಿಸಿ ಹದಿನಾರು ಗಂಟೆ ಉಪವಾಸ ಇದ್ದರೆ ಕೊಬ್ಬು ಬೇಗ ಕರಗುತ್ತಲ್ಲ?

ನಿಧಾನಿ
2022ರಲ್ಲಿ ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ಇದನ್ನೇ ನೋಡಿದ್ದು ಪ್ರಕಟವಾಯ್ತು. ಎರಡು ಗುಂಪಿಗೂ ಕ್ಯಾಲೊರಿ ಮಿತಿ ಒಂದೇ. ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರ ಒಳಗೆ ಮಾತ್ರ ತಿನ್ನಬೇಕು. ಎರಡೂ ಗುಂಪಿನ ತೂಕ ಇಳಿಯಿತು, ನಡುವೆ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಬರಲಿಲ್ಲ. ತಿನ್ನೋ ಗಂಟೆ ಕಡಿಮೆಯಾದರೆ ಕೆಲವರು ತಾನಾಗೇ ಕಡಿಮೆ ತಿಂತಾರೆ, ಅವರಿಗೆ ಇದು ಒಳ್ಳೇ ದಾರಿ. ಕೆಲವರು ಹಸಿವು ತಡೆದು ಕೊನೇ ಊಟದಲ್ಲಿ ಎರಡರಷ್ಟು ತಿಂತಾರೆ, ಅವರು ಬಿಟ್ಟುಬಿಡೋದು ವಾಸಿ.

"ಸುಳ್ಳು ಹೇಳ್ತಿದ್ದೀರಿ" ಅನ್ನೋ ಮಾತಿಗೂ ಬರ್ತೀನಿ. 1992ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೀತು. 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯಲ್ಲ ಅಂತಿದ್ದವರ ನಿಜವಾದ ಖರ್ಚನ್ನ, ಗುರುತು ಹಿಡಿಯಬಹುದಾದ ಭಾರದ ಪರಮಾಣು (ಐಸೋಟೋಪ್) ಇರೋ ನೀರು ಕುಡಿಸಿ ಅಳೆದರು. ದೇಹದ ಖರ್ಚು ಮಾಮೂಲಿಯಾಗೇ ಇತ್ತು. ತಿಂದದ್ದನ್ನ ಸರಾಸರಿ 47% ಕಡಿಮೆ ಬರೆದಿದ್ದರು, ಮಾಡಿದ ವ್ಯಾಯಾಮವನ್ನ 51% ಹೆಚ್ಚು ಬರೆದಿದ್ದರು. ಅವರ್ಯಾರನ್ನೂ ಸುಳ್ಳುಗಾರರು ಅನ್ನೋಕಾಗಲ್ಲ. ತಟ್ಟೆ ನೋಡಿ ಅಂದಾಜು ಹೇಳೋದು ಮನುಷ್ಯರಿಗೆ ಬರಲ್ಲ, ಅಷ್ಟೆ.

ಕಿರುಗೆಜ್ಜೆ
ಇಲ್ಲಿ ನನ್ನ ತಕರಾರಿದೆ. ಎಲ್ಲರೂ ತಕ್ಕಡಿ ಹಿಡಿಯಿರಿ ಅನ್ನೋದು ಸರಿಯಲ್ಲ. ಗ್ರಾಂ ಗ್ರಾಂ ತೂಗಿ ತಿನ್ನೋ ಅಭ್ಯಾಸ ಕೆಲವರಲ್ಲಿ ಊಟದ ಬಗ್ಗೆ ಭಯವನ್ನೇ ಹುಟ್ಟಿಸುತ್ತೆ. ಹಿಂದೆ ಊಟದ ಕಾಯಿಲೆ ಇದ್ದವರು, ಅಂದರೆ ತಿಂದು ವಾಂತಿ ಮಾಡೋದು, ಉಪವಾಸ ಬಿದ್ದು ಆಮೇಲೆ ಮಿತಿ ಮೀರಿ ತಿನ್ನೋದು ಇದ್ದವರು, ಇದರ ಹತ್ತಿರವೂ ಹೋಗಬಾರದು.

ತಟ್ಟೆ ಲೆಕ್ಕ ಸಾಕು. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಅನ್ನ ಅಥವಾ ಬ್ರೆಡ್. ಆಲೂಗಡ್ಡೆ ತರಕಾರಿ ಪಾಲಿಗೆ ಬರಲ್ಲ, ಅದು ಅನ್ನದ ಪಾಲು. ಮೊದಲು ತರಕಾರಿ, ಪ್ರೋಟೀನ್ ತಿನ್ನಿ, ಅನ್ನ ಕೊನೆಗೆ. ಎರಡನೇ ಸಲ ಬಡಿಸಿಕೊಳ್ಳೋ ಮುಂಚೆ ಹದಿನೈದು ನಿಮಿಷ ಕಾಯಿರಿ.

ಅಳತೆಗೋಲು
ಕಿರುಗೆಜ್ಜೆ ಅವರೇ, ಊಟದ ಕಾಯಿಲೆ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ತಟ್ಟೆ ಲೆಕ್ಕ ಎಣ್ಣೆಯನ್ನ ನೋಡೋದೇ ಇಲ್ಲ. ಅರ್ಧ ತಟ್ಟೆ ಹುರಿದ ಬದನೆಕಾಯಿಯಲ್ಲಿ ಎರಡು ಚಮಚ ಎಣ್ಣೆ ಹೀರಿಕೊಂಡಿದ್ದರೆ ಆ "ತರಕಾರಿ ಪಾಲು" ಅನ್ನಕ್ಕಿಂತ ಭಾರ. ಜೀವನಪೂರ್ತಿ ತೂಗಿ ಅಂತ ನಾನೂ ಹೇಳಲ್ಲ. ಎರಡು ವಾರ ತೂಗಿದರೆ ಕಣ್ಣು ಪಳಗುತ್ತೆ. ಆಮೇಲೆ ಎಣ್ಣೆ, ಕಾಳುಬೀಜ, ಚೀಸ್ ಇಷ್ಟನ್ನ ಮಾತ್ರ ತೂಗಿ. ಸೌತೆಕಾಯಿ ತೂಗೋದು ವ್ಯರ್ಥ, 100 ಗ್ರಾಂಗೆ 15 ಕ್ಯಾಲೊರಿ.

ಕಿರುಗೆಜ್ಜೆ
ಎರಡು ವಾರ ಆದರೆ ಒಪ್ಪಬಹುದು. ಎಣ್ಣೆ ಮಾತು ನಿಜ.

ತೂಗುಯ್ಯಾಲೆ
ಬಿಡಿ ಪದಾರ್ಥ ತೂಗೋದು ಅರ್ಥ ಆಯ್ತು. ಒಂದೇ ಪಾತ್ರೆಯಲ್ಲಿ ನಾಲ್ಕು ಜನಕ್ಕೆ ಅಡುಗೆ ಆದರೆ ಒಬ್ಬರ ಪಾಲು ಹೇಗೆ ಲೆಕ್ಕ ಹಾಕೋದು?

ಸೌಟು
ಇದಕ್ಕೆ ಒಂದು ಕ್ರಮ ಇದೆ. ಖಾಲಿ ಪಾತ್ರೆಯನ್ನ ಒಮ್ಮೆ ತೂಗಿ, ತಳದಲ್ಲೋ ಹಿಡಿಯ ಮೇಲೋ ಮಾರ್ಕರ್‌ನಿಂದ ಬರೆದಿಡಿ. 840 ಗ್ರಾಂ ಅಂತಿಟ್ಟುಕೊಳ್ಳಿ. ಬೇಳೆ 150 ಗ್ರಾಂ ಹಸಿ, 515 ಕ್ಯಾಲೊರಿ. ತರಕಾರಿ 300 ಗ್ರಾಂ, 90. ಎಣ್ಣೆ 20 ಗ್ರಾಂ, 180. ಒಟ್ಟು 785. ನೀರಿಗೆ, ಉಪ್ಪಿಗೆ ಸೊನ್ನೆ. ಅಡುಗೆ ಮುಗಿದಮೇಲೆ ಪಾತ್ರೆ ಸಮೇತ ತೂಗಿದರೆ 1,940 ಬಂತು. ಪಾತ್ರೆ ಕಳೆದರೆ 1,100. 785ನ್ನ 11ರಿಂದ ಭಾಗಿಸಿ, 100 ಗ್ರಾಂಗೆ 71. ಬಡಿಸಿಕೊಂಡದ್ದು 250 ಗ್ರಾಂ ಆದರೆ 178 ಕ್ಯಾಲೊರಿ.

ಕೆಡೋದು ಮೂರು ಜಾಗದಲ್ಲಿ. ಸೌಟನ್ನ ಪಾತ್ರೆಯಲ್ಲೇ ಬಿಟ್ಟು ತೂಗೋದು. ಮುಚ್ಚಳ ಒಮ್ಮೆ ಹಾಕಿ ಒಮ್ಮೆ ತೆಗೆದು ತೂಗೋದು. ಮೂರನೇದು ಬಹಳ ಜನಕ್ಕೆ ಹೊಳೆಯಲ್ಲ: ಎಣ್ಣೆ ಮೇಲೆ ತೇಲುತ್ತೆ, ಕಲಕದೆ ಮೇಲಿಂದ ಬಡಿಸಿಕೊಂಡವರ ತಟ್ಟೆಗೆ ಹೆಚ್ಚು ಬರುತ್ತೆ. ತಳದಿಂದ ಕಲಕಿ ಬಡಿಸಿ. ಬಿಸಿ ಪಾತ್ರೆ ನೇರವಾಗಿ ತಕ್ಕಡಿ ಮೇಲೆ ಇಡಬೇಡಿ, ಒಳಗಿನ ಸೆನ್ಸರ್ ಹಾಳಾಗಿ ಅಂಕಿ ತೇಲಾಡುತ್ತೆ. ಮರದ ಹಲಗೆ ಇಟ್ಟು ಸೊನ್ನೆ ಮಾಡಿ, ಅದರ ಮೇಲೆ ಪಾತ್ರೆ ಇಡಿ.

ಮುಂಗಾರು
ಕರಿದ ತಿಂಡಿಗೆ?

ಸೌಟು
ಕರಿಯೋ ಮುಂಚೆ ಎಣ್ಣೆ ಸಮೇತ ಬಾಣಲೆ ತೂಗಿ. ಎಲ್ಲಾ ಕರಿದು, ಪೂರ್ತಿ ಆರಿದಮೇಲೆ ಮತ್ತೆ ತೂಗಿ. ಕಡಿಮೆಯಾದದ್ದು ತಿಂಡಿಯೊಳಗೆ ಹೋಗಿದೆ. ಕಾಗದದ ಮೇಲೆ ಇಳಿದದ್ದು ತುಂಬ ಕಡಿಮೆ, ಅದನ್ನ ಕಳೆಯೋಕೆ ಹೋಗಬೇಡಿ.

ನಿಧಾನಿ
ಮೈ ತೂಕದ ತಕ್ಕಡಿಯೂ ದಾರಿ ತಪ್ಪಿಸುತ್ತೆ. ದೇಹದಲ್ಲಿ ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು 3 ಗ್ರಾಂ ನೀರು ಕೂತಿರುತ್ತೆ. ಪಿಷ್ಟ ದಿಢೀರನೆ ಬಿಟ್ಟವರಿಗೆ ಮೊದಲ ವಾರ ಎರಡು ಕಿಲೋ ಇಳಿಯೋದು ಈ ನೀರೇ, ಒಂದು ದಿನ ಪಿಷ್ಟ ತಿಂದರೆ ವಾಪಸ್ ಬರೋದೂ ಇದೇ ನೀರು. ಉಪ್ಪು ಜಾಸ್ತಿಯಾದ ಊಟ, ಮುಟ್ಟಿನ ಮುಂಚಿನ ದಿನಗಳು, ಮಲಬದ್ಧತೆ, ಹೊಸದಾಗಿ ಭಾರ ಎತ್ತೋಕೆ ಶುರು ಮಾಡಿ ಸ್ನಾಯು ಊದಿಕೊಳ್ಳೋದು, ಇವೆಲ್ಲ ಒಂದೆರಡು ಕಿಲೋ ಕೂಡಿಸಿ ಕೊಬ್ಬು ಇಳಿದದ್ದನ್ನ ಮುಚ್ಚಿಹಾಕುತ್ತವೆ.

ಬೆಳಗ್ಗೆ ಎದ್ದು ಶೌಚ ಮುಗಿಸಿ, ಏನೂ ಕುಡಿಯೋ ಮುಂಚೆ, ಗಟ್ಟಿ ನೆಲದ ಮೇಲೆ ತೂಗಿ. ಏಳು ದಿನದ ಸರಾಸರಿ ತೆಗೆದು ಹಿಂದಿನ ಏಳು ದಿನದ ಸರಾಸರಿಗೆ ಹೋಲಿಸಿ. ಮುಟ್ಟಾಗೋರು ಈ ತಿಂಗಳ ಅದೇ ವಾರವನ್ನ ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು. ಜೊತೆಗೆ ಹದಿನೈದು ದಿನಕ್ಕೊಮ್ಮೆ ಸೊಂಟದ ಟೇಪು: ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುಮಧ್ಯೆ, ಸಹಜವಾಗಿ ಉಸಿರು ಬಿಟ್ಟಮೇಲೆ. ತೂಕ ಅಲ್ಲೇ ಇದ್ದು ಟೇಪು ಎರಡು ಸೆಂಟಿಮೀಟರ್ ಇಳಿದಿದ್ದರೆ ಏನನ್ನೂ ಬದಲಾಯಿಸಬೇಡಿ.

ಅಳತೆಗೋಲು
ವಾರಾಂತ್ಯದ ಲೆಕ್ಕವನ್ನೂ ಇದಕ್ಕೆ ಸೇರಿಸಿ. ಐದು ದಿನ 400ರಂತೆ ಉಳಿಸಿದರೆ 2,000. ಶನಿವಾರ, ಭಾನುವಾರ ಹೊರಗೆ ತಿಂದು 900ರಂತೆ ಮೇಲೆ ಹೋದರೆ 1,800. ವಾರಪೂರ್ತಿ ಕಷ್ಟಪಟ್ಟು ಉಳಿದದ್ದು 200. ಬರೆಯೋ ಪುಸ್ತಕದಲ್ಲಿ ಆ ಎರಡು ದಿನ ಖಾಲಿ ಇರುತ್ತೆ, ಹಾಗಾಗಿ ಸರಾಸರಿ ಚೆನ್ನಾಗೇ ಕಾಣುತ್ತೆ.

ಮುಂಗಾರು
ಬೆಳಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ಜೇನುತುಪ್ಪ, ನಿಂಬೆ ಕುಡಿದರೆ ಕೊಬ್ಬು ಕರಗಲ್ವಾ?

ಬೆಳ್ಳಕ್ಕಿ
ಕರಗಲ್ಲ. ಒಂದು ಟೇಬಲ್ ಚಮಚ ಜೇನು 64 ಕ್ಯಾಲೊರಿ. ಬರೀ ನೀರು ಕುಡಿಯಿರಿ, ಊಟಕ್ಕೆ ಅರ್ಧ ಗಂಟೆ ಮುಂಚೆ ಅರ್ಧ ಲೀಟರ್ ಕುಡಿದರೆ ದೊಡ್ಡವರಲ್ಲಿ ಊಟ ಸ್ವಲ್ಪ ಕಡಿಮೆಯಾಗುತ್ತೆ. ಹೃದಯ, ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಅದನ್ನೂ ಮಾಡಬೇಡಿ.

ಕಿರುಗೆಜ್ಜೆ
ಎಲ್ಲರೂ ಅಂಕಿ ಹಿಂದೆ ಬಿದ್ದು ಹಸಿವನ್ನ ಮರೆತಿದ್ದೀರಿ. ಹಸಿದುಕೊಂಡು ಎರಡು ವಾರ ಇರಬಹುದು, ಆರು ತಿಂಗಳು ಆಗಲ್ಲ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಜೊತೆಯವರು 38 ಪದಾರ್ಥಗಳನ್ನ ಒಂದೇ ಕ್ಯಾಲೊರಿ ಪ್ರಮಾಣದಲ್ಲಿ ಕೊಟ್ಟು, ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿರುತ್ತೆ ಅಂತ ನೋಡಿದರು. ಬಿಳಿ ಬ್ರೆಡ್‌ಗೆ 100 ಅಂಕ ಅಂತಿಟ್ಟರೆ ಬೇಯಿಸಿದ ಆಲೂಗಡ್ಡೆಗೆ 323, ಕ್ರೋಸಾಂ ಅನ್ನೋ ಬೆಣ್ಣೆ ಹಾಕಿದ ಪದರು ಬ್ರೆಡ್‌ಗೆ 47. ತೂಕ ಇಳಿಸೋರು ಮೊದಲು ಬಿಡೋದೇ ಆಲೂಗಡ್ಡೆ!

ಒಂದೇ ಆಲೂಗಡ್ಡೆ ಮೂರು ವೇಷದಲ್ಲಿ ನೋಡಿ. ಬೇಯಿಸಿದರೆ 100 ಗ್ರಾಂಗೆ 87. ಉದ್ದುದ್ದ ಹೆಚ್ಚಿ ಕರಿದರೆ 300ರ ಮೇಲೆ. ಪೊಟ್ಟಣದ ಚಿಪ್ಸ್ ಆದರೆ 530ರ ಆಸುಪಾಸು. ನೀರು ಹೊರಗೆ, ಎಣ್ಣೆ ಒಳಗೆ.

ನಿಧಾನಿ
ಇದಕ್ಕೆ ಹೊಂದೋ ಇನ್ನೊಂದು ಪ್ರಯೋಗ 2019ರದು, ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಅವರದು. 20 ಜನರನ್ನ ಸಂಶೋಧನಾ ಕೇಂದ್ರದಲ್ಲೇ ಇರಿಸಿ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮನಾಗಿತ್ತು, ಬೇಕಾದಷ್ಟು ತಿನ್ನಿ ಅಂದರು. ಸಿದ್ಧ ಆಹಾರದ ದಿನಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತಿನ್ನೋ ವೇಗವೂ ಜಾಸ್ತಿ ಇತ್ತು. ಅಗಿಯೋ ಕೆಲಸ ಇರೋ ಊಟ ಮಾಡಿ ಅನ್ನೋದಕ್ಕೆ ಇದೇ ಕಾರಣ. ಹಣ್ಣಿನ ರಸದ ಬದಲು ಹಣ್ಣು.

ಬೆಳ್ಳಕ್ಕಿ
ಹೊಟ್ಟೆ ತುಂಬೋದ್ರಲ್ಲಿ ಪ್ರೋಟೀನ್ ಮುಖ್ಯ. ಇಳಿಸೋ ಕಾಲದಲ್ಲಿ ಕಿಲೋಗೆ 1.2 ಗ್ರಾಂ ಹಿಡಿದರೆ ಉದಾಹರಣೆಯ 72 ಕಿಲೋಗೆ 86 ಗ್ರಾಂ. ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯೂ ಕರಗುತ್ತೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕಡಲೆಬೀಜವನ್ನ ಪ್ರೋಟೀನ್ ಅಂತ ಎಣಿಸ್ತಾರೆ. 25 ಗ್ರಾಂ ಪ್ರೋಟೀನ್ ಬೇಕಂದರೆ ಕಡಲೆಬೀಜದಲ್ಲಿ 550 ಕ್ಯಾಲೊರಿ ತಿನ್ನಬೇಕು. ಬೆಂದ ಬೇಳೆಯಲ್ಲಾದರೆ 320, ನಾಲ್ಕು ಇಡೀ ಮೊಟ್ಟೆಯಲ್ಲಾದರೆ 290ರ ಹತ್ತಿರ, ಬೆಂದ ಕೋಳಿ ಎದೆ ಭಾಗದಲ್ಲಾದರೆ 130, ಮೊಟ್ಟೆಯ ಬಿಳಿಯಲ್ಲಾದರೆ 120. ಕಡಲೆಬೀಜ ಒಳ್ಳೇ ಕೊಬ್ಬು ಅಂತ ತಿನ್ನಿ, 20 ಗ್ರಾಂ ತೂಗಿ ಬಟ್ಟಲಿಗೆ ಹಾಕಿ ಡಬ್ಬಿ ಮುಚ್ಚಿಡಿ.

ಇರುಳುಪಾಳಿ
ರಾತ್ರಿ ಪಾಳಿಯವರಿಗೆ ಏನಾದರೂ ಬೇರೆ ಇದೆಯಾ? ನಿದ್ದೆ ಐದು ಗಂಟೆ ಮೀರಲ್ಲ ಅನ್ನೋರಿಗೆ?

ನಿಧಾನಿ
ನಿದ್ದೆ ಸಣ್ಣ ವಿಷಯ ಅಲ್ಲ. 2010ರ ಒಂದು ಚಿಕ್ಕ ಪ್ರಯೋಗ, 10 ಜನ, ಎರಡು ವಾರ. ಕ್ಯಾಲೊರಿ ಒಂದೇ, ಮಲಗೋಕೆ ಒಮ್ಮೆ ಎಂಟೂವರೆ ಗಂಟೆ, ಒಮ್ಮೆ ಐದೂವರೆ. ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಆದರೆ ನಿದ್ದೆಗೆಟ್ಟಾಗ ಇಳಿದ ತೂಕದಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಕಡಿಮೆಯಾಯ್ತು, ಉಳಿದದ್ದು ಸ್ನಾಯು ಮೊದಲಾದ್ದು. ಹಸಿವೂ ಹೆಚ್ಚಿತು. ಪಾಳಿ ಶುರುವಾಗೋ ಮುಂಚೆ ದೊಡ್ಡ ಊಟ, ನಡುವೆ ಮೊಸರು, ಮೊಟ್ಟೆ ಥರದ ಚಿಕ್ಕದು, ಮನೆಗೆ ಬಂದು ಹಗುರಾಗಿ ತಿಂದು ಕತ್ತಲೆ ಕೋಣೆಯಲ್ಲಿ ಮಲಗೋದು. ಪಾಳಿಯ ಕೊನೇ ಐದಾರು ಗಂಟೆ ಕಾಫಿ ಬೇಡ. ಕಾರ್ಖಾನೆಯ ಸಿಹಿ ಪಾನೀಯ ಬೇಡವೇ ಬೇಡ.

ಅಳತೆಗೋಲು
ಒಂದು ಎಚ್ಚರಿಕೆ ಯಾರೂ ಹೇಳಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸೋ ಕೆಲವು ಮಾತ್ರೆ ತಗೊಳ್ಳೋರು ಊಟ ಕಡಿಮೆ ಮಾಡೋ ಮುಂಚೆ ವೈದ್ಯರ ಹತ್ತಿರ ಔಷಧದ ಪ್ರಮಾಣ ಬದಲಾಯಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮೇಲಿನ ಪ್ರೋಟೀನ್ ಅಂಕಿ ಅನ್ವಯಿಸಲ್ಲ. ಬಸುರಿಯರು ಇಳಿಸೋ ಲೆಕ್ಕಕ್ಕೇ ಕೈ ಹಾಕಬಾರದು. ವಾರಕ್ಕೆ ಒಂದೂವರೆ ಕಿಲೋ ಮೀರಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಬರೋ ಅಪಾಯ ಏರುತ್ತೆ, ಎರಡು ಮೂರು ತಿಂಗಳು ಕಳೆದು ಕೂದಲು ಉದುರೋದೂ ಇದರಿಂದಲೇ. ವಾರಕ್ಕೆ ಅರ್ಧ ಕಿಲೋ ಸಾಕು.

ಥೈರಾಯ್ಡ್ ಪರೀಕ್ಷೆಯನ್ನ ಬೇಡ ಅನ್ನಬೇಡಿ. ಸುಸ್ತು, ಚಳಿ ತಡೆಯೋಕಾಗದಿರೋದು, ಮಲಬದ್ಧತೆ ಒಟ್ಟಿಗೆ ಇದ್ದರೆ ಮಾಡಿಸಿ.

ದಾರಿಹೋಕ
ಸ್ವಲ್ಪ ಬೇರೆ ಪ್ರಶ್ನೆ. ಅಡುಗೆಮನೆ ತಕ್ಕಡಿಯೇ ಸುಳ್ಳು ಹೇಳ್ತಿದೆಯಾ ಅಂತ ಮನೆಯಲ್ಲಿ ನೋಡೋದು ಹೇಗೆ?

ಸೌಟು
ಸೀಲು ತೆಗೆಯದ ಒಂದು ಲೀಟರ್ ನೀರಿನ ಬಾಟಲಿ ತೂಗಿ, ಆಮೇಲೆ ನೀರು ಬೇರೆ ಪಾತ್ರೆಗೆ ಸುರಿದು ಬಾಟಲಿ ಒಣಗಿಸಿ ಮುಚ್ಚಳ ಸಮೇತ ತೂಗಿ. ವ್ಯತ್ಯಾಸ 1,000 ಗ್ರಾಂ ಹತ್ತಿರ ಬರಬೇಕು. ಅದೇ ಬಾಟಲಿಯನ್ನ ತಕ್ಕಡಿಯ ಮಧ್ಯೆ, ಮೂಲೆಯಲ್ಲಿ ಇಟ್ಟು ನೋಡಿ. ಮೂಲೆಗೊಂದು ಅಂಕಿ ಬಂದರೆ ಕಾಲಿನ ರಬ್ಬರ್ ಬಿದ್ದಿರುತ್ತೆ ಅಥವಾ ನೆಲ ಸಮ ಇಲ್ಲ. ಬ್ಯಾಟರಿ ಇಳಿದಾಗಲೂ ಅಂಕಿ ನಿಲ್ಲಲ್ಲ. ಇನ್ನೊಂದು, 3 ಗ್ರಾಂಗಿಂತ ಚಿಕ್ಕದನ್ನ ಖಾಲಿ ತಕ್ಕಡಿ ಮೇಲೆ ಹಾಕಿದರೆ ಕೆಲವು ತಕ್ಕಡಿ ಗುರುತಿಸೋದೇ ಇಲ್ಲ. ಮೊದಲು ಒಂದು ಬಟ್ಟಲು ಇಟ್ಟು, ಸೊನ್ನೆ ಮಾಡದೆ, ಅದರ ಮೇಲೆ ಸೇರಿಸಿ ವ್ಯತ್ಯಾಸ ನೋಡಿ.

ತೂಗುಯ್ಯಾಲೆ
ಫ್ರೀಜರ್‌ನಲ್ಲಿಟ್ಟ ತರಕಾರಿಯನ್ನ ಮಂಜುಗಡ್ಡೆ ಸಮೇತ ತೂಗಬಹುದಾ?

ಬೆಳ್ಳಕ್ಕಿ
ತೂಗಿ. ತರಕಾರಿಯಲ್ಲಿ ಹತ್ತು ಗ್ರಾಂ ಹೆಚ್ಚುಕಡಿಮೆ ಆದರೆ ಮೂರು ಕ್ಯಾಲೊರಿ. ಆದರೆ ಮೀನು, ಸೀಗಡಿ ಮೇಲಿನ ಮಂಜಿನ ಹೊದಿಕೆ ಕರಗಿಸಿ, ನೀರು ಬಸಿದು ತೂಗಿ, ಇಲ್ಲದಿದ್ದರೆ ಇಲ್ಲದ ಪ್ರೋಟೀನ್ ಬರೆದುಕೊಂಡಂಗಾಗುತ್ತೆ.